ಬಾಡಿದ ಪೈರಿನ ಒಳಗೆಲಸ

ಕಡೂರು ತಾಲ್ಲೂಕಿನ ನಮ್ಮ ಯಗಟಿ ಮಳೆಯ ನೆರಳಿನ ಸೀಮೆಗೆ ಸೇರಿದ ಊರು. ಪಡುವಣದ ಗಿರಿಶ್ರೇಣಿಯಲ್ಲಿ ಮುಂಗಾರು ಧಾರಾಕಾರವಾಗಿ ಸುರಿಯುತ್ತಿರುವಾಗಲೂ ಇಲ್ಲಿಯ ಹೊಲಗಳಲ್ಲಿ ಧೂಳು ಏಳುವುದುಂಟು. ಇಂತಹ ನೆಲದಲ್ಲಿ ನಮ್ಮ ಹಿರಿಯರು ತಲೆತಲಾಂತರದಿಂದ ನೆಚ್ಚಿಕೊಂಡು ಬಂದ ಬೆಳೆ ರಾಗಿ. ಅದು ಬರವನ್ನು ತಡೆಯುತ್ತದೆ ಎಂಬುದನ್ನು ಎಲ್ಲರೂ ಬಲ್ಲರು. ಹೇಗೆಂದು ಕೇಳಿದರೆ "ಅದರ ಗುಣವೇ ಹಾಗೆ" ಎಂಬ ಉತ್ತರ ಬರುತ್ತದೆ. ಆ ಗುಣ ಎಲ್ಲಿದೆ, ಯಾವಾಗ ಎಚ್ಚರಗೊಳ್ಳುತ್ತದೆ ಎಂಬ ವಿಚಾರವನ್ನು ಓದುಗ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಡಾ. ಶೈಲಜಾ ಹಿತ್ತಲಮನಿಯವರೂ ಅವರ ಸಂಗಡಿಗರೂ 2017ರಲ್ಲಿ ಎಂ.ಎಲ್.-365 ಎಂಬ ರಾಗಿ ತಳಿಯ ಅನುವಂಶಿಕ ಲಿಪಿಯನ್ನು ಪ್ರಕಟಿಸಿದರು. ಅದರಲ್ಲಿ 85 ಸಾವಿರಕ್ಕೂ ಹೆಚ್ಚು ಜೀನುಗಳಿವೆಯೆಂದು ಅವರು ಅಂದಾಜು ಮಾಡಿದರು. ನೀರುಂಡ ಪೈರಿನಲ್ಲಿ ಯಾವ ಜೀನುಗಳು ದುಡಿಯುತ್ತವೆ, ನೀರಿಲ್ಲದ ಪೈರಿನಲ್ಲಿ ಯಾವುವು ಎಂಬುದನ್ನೂ ಹೋಲಿಸಿ ನೋಡಿದರು. ಎರಡರಲ್ಲಿಯೂ ಬೀಜ ಒಂದೇ, ಜೀನುಗಳೂ ಅವೇ. ಅವುಗಳ ದುಡಿಮೆ ಮಾತ್ರ ಬೇರೆ.

ಮಠದ ಪಾಠಶಾಲೆಯಲ್ಲಿ ವ್ಯಾಕರಣ ಕಲಿತ ನನ್ನಂಥವನಿಗೆ ಇದು ಹೊಸದೆನಿಸಲಿಲ್ಲ. ಸೂತ್ರಗಳೆಲ್ಲ ಕಂಠಸ್ಥವಾಗಿದ್ದರೂ ಒಂದು ಪದವನ್ನು ಸಾಧಿಸುವಾಗ ಎಲ್ಲವೂ ಪ್ರವರ್ತಿಸುವುದಿಲ್ಲ. ನಿಮಿತ್ತ ಒದಗಿದ ಸೂತ್ರ ಮಾತ್ರ ಪ್ರವರ್ತಿಸುತ್ತದೆ. ನಿಷೇಧವಿದ್ದಲ್ಲಿ ಅದೂ ಸುಮ್ಮನಿರುತ್ತದೆ. ಜೀವಕೋಶದ ವ್ಯವಹಾರವೂ ಬಹುಮಟ್ಟಿಗೆ ಹೀಗೆಯೇ. ಪ್ಯಾರಿಸಿನ ಜಾಕೋಬ್ ಮತ್ತು ಮೊನೊ ಎಂಬ ವಿಜ್ಞಾನಿಗಳು 1961ರಲ್ಲಿ ಇದನ್ನು ಬ್ಯಾಕ್ಟೀರಿಯಾದಲ್ಲಿ ವಿವರಿಸಿದರು. ಹಾಲಿನ ಸಕ್ಕರೆ ಇಲ್ಲದಾಗ, ಅದನ್ನು ಬಳಸಿಕೊಳ್ಳಲು ಬೇಕಾದ ಜೀನುಗಳಿಗೆ ಒಂದು ಪ್ರೋಟೀನು ತಡೆಯಾಗಿ ಕುಳಿತಿರುತ್ತದೆ. ಸಕ್ಕರೆ ದೊರೆತಾಗ ಆ ತಡೆ ಸರಿಯುತ್ತದೆ.

ಸಸ್ಯಕ್ಕೆ ನೀರಿನ ಕೊರತೆಯನ್ನು ಸಾರುವುದು ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನು. ನೆಲ ಒಣಗಿದಂತೆ ಅದರ ಪ್ರಮಾಣ ಏರುತ್ತದೆ. ಅದನ್ನು ಗುರುತಿಸುವ ಪ್ರೋಟೀನುಗಳು 2009ರಲ್ಲಿ ಪತ್ತೆಯಾದವು. ಇವು ನೇರವಾಗಿ ಯಾವ ಜೀನನ್ನೂ ಎಬ್ಬಿಸುವುದಿಲ್ಲ. ಒಳ್ಳೆಯ ದಿನಗಳಲ್ಲಿ ಬರದ ಕೆಲಸವನ್ನು ಅದುಮಿಟ್ಟಿರುವ ಬೇರೊಂದು ಪ್ರೋಟೀನನ್ನು ಕಟ್ಟಿಹಾಕುತ್ತವೆ. ಹೀಗೆ ತಡೆಗೇ ತಡೆ ಬಿದ್ದಾಗ ಕೆಲಸ ಬಿಡುಗಡೆಯಾಗುತ್ತದೆ. ಮೊದಲು ಎಲೆಯ ಸೂಕ್ಷ್ಮರಂಧ್ರಗಳು ನಿಮಿಷಗಳಲ್ಲಿ ಮುಚ್ಚತೊಡಗುತ್ತವೆ. ಇದಕ್ಕೆ ಜೀನುಗಳನ್ನು ಹೊಸದಾಗಿ ಓದುವ ಅಗತ್ಯವಿಲ್ಲ. ಬಳಿಕ ಕೋಶಕೇಂದ್ರದಲ್ಲಿ ಬರಗಾಲದ ಜೀನುಗಳ ಪ್ರತಿಗಳು ಸಿದ್ಧವಾಗಿ, ಅವುಗಳ ಪ್ರಕಾರ ಕೋಶವನ್ನು ಒಣಗುವಿಕೆಯಿಂದ ಕಾಪಾಡುವ ಪ್ರೋಟೀನುಗಳು ತಯಾರಾಗುತ್ತವೆ. ಬೆಳವಣಿಗೆಗೆ ಸಂಬಂಧಿಸಿದ ಹಲವು ಜೀನುಗಳು ದನಿ ತಗ್ಗಿಸುತ್ತವೆ. ಮಳೆ ಬಂದರೆ ಹಾರ್ಮೋನು ಇಳಿಯುತ್ತದೆ. ನಿಮಿತ್ತ ತೊಲಗಿದಾಗ ಕಾರ್ಯವೂ ತೊಲಗುವಂತೆ ಈ ಏರ್ಪಾಡೂ ಹಿಂಜರಿಯುತ್ತದೆ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಆ ವರ್ಷ ನಮ್ಮ ಮನೆಯ ಹೊಲದ ರಾಗಿಯೂ ಬಾಡಿ ನಿಂತಿತ್ತು. "ದೊಡ್ಡಪ್ಪ, ಇದು ಸತ್ತ ಪೈರು. ದನ ಬಿಟ್ಟು ಬೆಂಗಳೂರಿಗೆ ಹೋಗುತ್ತೇನೆ" ಎಂದ ತಮ್ಮನ ಮಗ. ಅವನ ತಾಯಿ ವಾದಿಸಲಿಲ್ಲ. ನಸುಕಿನಲ್ಲಿ ಅವನನ್ನು ಹೊಲಕ್ಕೆ ಕರೆದೊಯ್ದು, ನಡುಹಗಲು ಸುರುಳಿಯಾಗಿದ್ದ ಎಲೆಗಳು ಇರುಳಿನ ತಂಪಿಗೆ ಬಿಚ್ಚಿಕೊಂಡಿದ್ದುದನ್ನು ತೋರಿಸಿದರು. ಅವನು ಉಳಿದನು, ಕುಂಟೆ ಹೊಡೆದು ಕಾದನು. ಉತ್ತರೆಯಲ್ಲಿ ಎರಡು ಹದ ಮಳೆಯಾಯಿತು. ಕೆರೆಯ ಗೋಡು ಹರಡಿದ್ದ ತಗ್ಗಿನ ಭಾಗ ಚೇತರಿಸಿಕೊಂಡು ತೆನೆಯಾಯಿತು. ಗರಸು ನೆಲದ ಮೇಲ್ಭಾಗ ಏಳಲೇ ಇಲ್ಲ. ಒಕ್ಕಣೆ ಮುಗಿಸಿ ಅವನು ಬೆಂಗಳೂರಿಗೆ ಹೋದನು. ಮನೆಯಲ್ಲಿ ವರ್ಷಕ್ಕಾಗುವಷ್ಟು ರಾಗಿಯಿತ್ತು.

ಒಂದೇ ಬೀಜ ಒಂದೇ ಹೊಲದಲ್ಲಿ ಎರಡು ಗತಿ ಕಂಡಿತು. ಸಹನೆಯನ್ನು ನಾವು ಸುಮ್ಮನಿರುವುದೆಂದು ತಿಳಿಯುತ್ತೇವೆ. ಪೈರಿನ ಸಹನೆ ಹಾಗಲ್ಲ. ಅದು ಕೂಡಿಟ್ಟ ಕಸುವನ್ನು ವೆಚ್ಚಮಾಡಿ ನಡೆಸುವ ಕೆಲಸ. ಕಸುವು ಮುಗಿದರೆ ಎಷ್ಟು ಒಳ್ಳೆಯ ತಳಿಯಾದರೂ ಸೋಲುತ್ತದೆ. ಆದ್ದರಿಂದ ಬರ ತಡೆಯುವ ಬೀಜ ತಂದೆವೆಂದು ನಿಶ್ಚಿಂತರಾಗುವಂತಿಲ್ಲ. ಬದು ಕಟ್ಟುವುದು, ಗೋಡು ಹೊಡೆಯುವುದು, ಹದವರಿತು ಕುಂಟೆ ಆಡಿಸುವುದು ನಮ್ಮ ಪಾಲಿನ ಕೆಲಸ. ಬೀಜ ತನ್ನ ಪಾಲಿನದನ್ನು ಮಾಡುತ್ತದೆ.