ಅಜ್ಜಿಗೆ ಕೊಡದೇ ಉಳಿದ ಪಟ

ಬೇಸಿಗೆ ಬಂತೆಂದರೆ ಕುಮಟಾದ ಅಳ್ವೇಕೋಡಿಯ ಹೆದ್ದಾರಿ ಬದಿಯಲ್ಲಿ ಸಿಹಿ ಈರುಳ್ಳಿ ಗೊಂಚಲುಗಳು ತೂಗುತ್ತವೆ. ಅಲ್ಲಿ ಮಾರಲು ಕೂತ ಅಜ್ಜಿಯೊಬ್ಬರ ಫೋಟೊ ತೆಗೆದು ನಾವು ಪತ್ರಿಕೆಗೆ ಕಳಿಸಿದ್ದೆವು. ಆಮೇಲೆ ಹೊನ್ನಾವರಕ್ಕೋ ಭಟ್ಕಳಕ್ಕೋ ಸುದ್ದಿಗೆ ಹೊರಟಾಗೆಲ್ಲ ಅವರದು ಒಂದೇ ಪ್ರಶ್ನೆ: "ತಮಾ, ನನ್ನ ಪಟ ಎಲ್ಲಿ?" "ಮುಂದಿನ ವಾರ ತರ್ತೇವೆ ಅಜ್ಜಿ" ಎನ್ನುತ್ತಿದ್ದೆವು.

ಎರಡು ಮಳೆಗಾಲ ಹೋಯಿತು. ಒಂದು ದಿನ ಅವರ ಮಗನ ಫೋನ್. ಅಜ್ಜಿ ತೀರಿಕೊಂಡಿದ್ದರು. ಮನೆಯಲ್ಲಿ ಅವರದೊಂದೂ ಫೋಟೊ ಇರಲಿಲ್ಲ.

ಮೊಬೈಲ್ ತುಂಬಿತೆಂದು ನಾವು ಮೂಲ ಫೋಟೊ ಅಳಿಸಿಬಿಟ್ಟಿದ್ದೆವು. ಉಳಿದದ್ದು ವಾಟ್ಸ್ಯಾಪ್‌ನಲ್ಲಿ ಕುಗ್ಗಿದ ಪ್ರತಿ ಮಾತ್ರ. ದೊಡ್ಡದು ಮಾಡಿಸಿದರೆ ಮುಖವೇ ಮಸುಕು. ಅದಕ್ಕೇ ಅವರು ಹೂಮಾಲೆ ಹಾಕಿದರು. ನಮಗೆ ತಲೆಯೆತ್ತಲು ಆಗಲಿಲ್ಲ.

ಆ ವರ್ಷವೇ ಮನೆಗೆ ಫೋಟೊ ಪ್ರಿಂಟರ್ ತಂದೆವು. ಸ್ಟ್ರಿಂಜರ್ ದುಡಿಮೆಗೆ ಅದು ಸಣ್ಣ ಖರ್ಚಲ್ಲ. ಹಾಗಾಗಿ ವಿಚಾರಿಸಿಯೇ ಕೊಂಡೆವು.

ಕ್ಯಾನನ್ ಸೆಲ್ಫಿಯಂಥ ಪುಟ್ಟ ಪ್ರಿಂಟರ್‌ಗಳಲ್ಲಿ ದ್ರವ ಶಾಯಿ ಇಲ್ಲ. ರಿಬ್ಬನ್ನಿನ ಬಣ್ಣ ಬಿಸಿಗೆ ಕಾಗದಕ್ಕೆ ಇಳಿಯುತ್ತದೆ. ತಿಂಗಳುಗಟ್ಟಲೆ ಸುಮ್ಮನಿಟ್ಟರೂ ಒಣಗುವ ಭಯವಿಲ್ಲ. ಆದರೆ ಪೋಸ್ಟ್‌ಕಾರ್ಡಿಗಿಂತ ದೊಡ್ಡದು ಬಾರದು. ನಮಗೆ ಗೋಡೆಗೆ ಹಾಕುವ ಅಳತೆಯೂ ಬೇಕಿತ್ತು. ಅದಕ್ಕೇ ಎಪ್ಸನ್ ಎಲ್ 8050 ತಗೊಂಡೆವು. ಎ4 ಅಳತೆ, ಆರು ಬಣ್ಣದ ಇಂಕ್ ಟ್ಯಾಂಕ್. ನಾಲ್ಕು ಬಣ್ಣದ ಜೊತೆ ತಿಳಿನೀಲಿ, ತಿಳಿಗೆಂಪು ಇರುವುದರಿಂದ ಮುಖದ ಬಣ್ಣ ನಯವಾಗಿ ಬರುತ್ತದೆ.

ಕೂರಿಸುವ ದಿನ ಎರಡು ಕಡೆ ಎಡವಿದೆವು. ಪ್ರಿಂಟರ್ ನಮ್ಮ ವೈಫೈ ಹಿಡಿಯಲೇ ಇಲ್ಲ. ಅದಕ್ಕೆ ಬೇಕಾದದ್ದು 2.4 ಗಿಗಾಹರ್ಟ್ಸ್, ನಾವು ಕೊಟ್ಟದ್ದು 5. ಮೊದಲ ಫೋಟೊದ ಶಾಯಿ ಕೈಗೆಲ್ಲ ಮೆತ್ತಿತು. ಕಾಗದ ಮಗುಚಿ ಹಾಕಿದ್ದೆವು. ಹಿಂದಿನಿಂದ ಕಾಗದ ಹಾಕುವ ಈ ಪ್ರಿಂಟರಿನಲ್ಲಿ ಹೊಳಪಿನ ಬದಿ ಮೇಲಿರಬೇಕು. ಸೆಟ್ಟಿಂಗ್‌ನಲ್ಲೂ 'ಗ್ಲಾಸಿ' ಎಂದೇ ಆರಿಸಬೇಕು.

ಮೊದಲ ಸಲ ಶಾಯಿ ತುಂಬಿಕೊಳ್ಳುವಾಗ ಕರೆಂಟ್ ಹೋಗಬಾರದು. ನಮ್ಮ ಕಡೆಯ ಮಳೆಗಾಲದಲ್ಲಿ ಇದು ನೆನಪಿರಲಿ. ಆರಿಸುವಾಗ ಪ್ರಿಂಟರಿನ ಬಟನ್ ಒತ್ತಿಯೇ ಆರಿಸಿ. ಗೋಡೆಯ ಸ್ವಿಚ್ ತೆಗೆದರೆ ಹೆಡ್ ಮುಚ್ಚಿಕೊಳ್ಳದೆ ಶಾಯಿ ಒಣಗಬಹುದು. ಕರಾವಳಿಯ ತೇವಕ್ಕೆ ಫೋಟೊ ಕಾಗದ ಸುರುಳಿ ಸುತ್ತುತ್ತದೆ. ಗಾಳಿಯಾಡದ ಡಬ್ಬಿಯಲ್ಲಿಡಿ.

ಫೋಟೊ ಚೊಕ್ಕವಾಗಿ ಬರಲು ಇಂಚಿಗೆ 300 ಪಿಕ್ಸೆಲ್ ಬೇಕು. 4×6 ಇಂಚಿಗೆ 1200×1800, 8×10ಕ್ಕೆ 2400×3000. ವಾಟ್ಸ್ಯಾಪ್‌ನಲ್ಲಿ ಕಳಿಸುವುದಾದರೆ 'ಡಾಕ್ಯುಮೆಂಟ್' ಆಗಿ ಕಳಿಸಿ, ಕುಗ್ಗುವುದಿಲ್ಲ. ಮನೆಯ ಹಿರಿಯರ ಮೂಲ ಫೋಟೊ ಮಾತ್ರ ಅಳಿಸಬೇಡಿ.

ಈ ಪ್ರಿಂಟರ್ ವಾರಕ್ಕೊಮ್ಮೆಯಾದರೂ ಓಡಿದರೆ ಒಳ್ಳೆಯದು, ಇಲ್ಲವಾದರೆ ನಳಿಗೆ ಕಟ್ಟುತ್ತದೆ. ನಮ್ಮಂಥ ಮರೆಗುಳಿಗಳಿಗೆ ಅದೇ ಅನುಕೂಲವಾಯಿತು. ಭಾನುವಾರ ಭಾನುವಾರ, ಆ ವಾರ ಯಾರ ಫೋಟೊ ತೆಗೆದಿದ್ದೆವೋ ಅವರದನ್ನು ಮುದ್ರಿಸುತ್ತೇವೆ.

ಮೊನ್ನೆ ಭಟ್ಕಳದ ಮೀನು ಮಾರುಕಟ್ಟೆಯಲ್ಲಿ ಒಬ್ಬರಿಗೆ ಅವರ ಫೋಟೊ ಕೊಟ್ಟೆವು. "ಇಷ್ಟು ಮುದುಕಿ ಆದ್ನಾ ನಾನು?" ಎಂದು ನಕ್ಕರು. ಕೈ ಒರೆಸಿಕೊಂಡು, ಎಲೆ ಅಡಿಕೆ ಸಂಚಿಯೊಳಗೆ ಜೋಪಾನವಾಗಿ ಇಟ್ಟುಕೊಂಡರು.