ರೋಗಿಯ ಧರ್ಮ

ವೈದ್ಯನ ಗುಣದೋಷಗಳನ್ನು ವಿಮರ್ಶಿಸುವುದರಲ್ಲಿ ಎಲ್ಲರೂ ನಿಪುಣರೇ; ರೋಗಿಗೂ ಒಂದು ಧರ್ಮವುಂಟೆಂಬುದನ್ನು ನೆನೆಯುವವರು ವಿರಳ. ಚರಕಸಂಹಿತೆಯ ಸೂತ್ರಸ್ಥಾನದ 9ನೆಯ ಅಧ್ಯಾಯದಲ್ಲಿ ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ನಾಲ್ಕು ಪಾದಗಳನ್ನು ಹೇಳಿದೆ. ರೋಗಿಯಲ್ಲಿರಬೇಕಾದ ಗುಣಗಳೂ ನಾಲ್ಕು: ಸ್ಮೃತಿ, ನಿರ್ದೇಶಕಾರಿತ್ವ, ಅಭೀರುತ್ವ, ಜ್ಞಾಪಕತ್ವ. ನಡೆದುದನ್ನು ನೆನಪಿಡುವುದು, ಹೇಳಿದಂತೆ ನಡೆಯುವುದು, ಅಂಜದಿರುವುದು, ತನ್ನ ಬಾಧೆಯನ್ನು ಸರಿಯಾಗಿ ತಿಳಿಸುವುದು ಎಂದು ಇವುಗಳ ತಾತ್ಪರ್ಯ. ಕಡೆಯದೇ ಎಲ್ಲಕ್ಕಿಂತ ಕಷ್ಟವಾದದ್ದು.

ಒಬ್ಬ ವೃದ್ಧ ಗೃಹಸ್ಥರು ಮಧುಮೇಹಕ್ಕೆ ಬಹುಕಾಲದಿಂದ ಮಾತ್ರೆ ಸೇವಿಸುತ್ತಿದ್ದರು. ಒಂದು ಏಕಾದಶಿಯಂದು ಆಹಾರವನ್ನು ಬಿಟ್ಟು, ಮಾತ್ರೆಯನ್ನು ಮಾತ್ರ ತಪ್ಪದೆ ನುಂಗಿದರು. ಮಧ್ಯಾಹ್ನದ ಹೊತ್ತಿಗೆ ಮೈ ಬೆವರಿ, ಕೈ ನಡುಗಿ, ಕಣ್ಣು ಕತ್ತಲೆಗಟ್ಟಿತು. ಆಸ್ಪತ್ರೆಯಲ್ಲಿ ನೋಡಲಾಗಿ ರಕ್ತದ ಸಕ್ಕರೆ ಬಹಳ ಇಳಿದಿತ್ತು. ಗ್ಲೂಕೋಸು ಕೊಟ್ಟ ಮೇಲೆ ಚೇತರಿಸಿಕೊಂಡರು. "ಬೆಳಗ್ಗೆ ಏನು ತಿಂದಿರಿ?" ಎಂದು ಡಾಕ್ಟರು ಕೇಳಿದರೆ, "ಎಂದಿನಂತೆಯೇ" ಎಂದುಬಿಟ್ಟರು. ನಿಜವನ್ನಾಡಿದರೆ ವ್ರತವನ್ನೇ ಬಿಡಿಸಿಯಾರೆಂಬ ಭಯ! ಮಾತ್ರೆಯ ಪ್ರಮಾಣವೇ ಹೆಚ್ಚಾಗಿರಬೇಕೆಂದು ಡಾಕ್ಟರು ಅದನ್ನು ತಗ್ಗಿಸುವುದರಲ್ಲಿದ್ದರು. ಆಗ ಸೊಸೆ ಮೆಲ್ಲನೆ, "ಮಾವನವರು ನಿನ್ನೆ ರಾತ್ರಿಯಿಂದ ಏನೂ ತಿಂದಿಲ್ಲ" ಎಂದಳು. ಡಾಕ್ಟರು ಕೋಪಿಸಲಿಲ್ಲ. "ಉಪವಾಸವಿದ್ದರೆ ಮೊದಲೇ ಹೇಳಿ, ಮಾತ್ರೆಯ ಕ್ರಮವನ್ನು ನೋಡಬೇಕಾಗುತ್ತದೆ" ಎಂದರು, ಅಷ್ಟೆ.

ಆದುದರಿಂದ ಆಸ್ಪತ್ರೆಗೆ ಹೋಗುವವರು ಒಂದು ಚೀಟಿಯನ್ನು ಸಿದ್ಧವಾಗಿಟ್ಟುಕೊಳ್ಳತಕ್ಕದ್ದು. ಸೇವಿಸುತ್ತಿರುವ ಔಷಧಗಳು, ಅವುಗಳ ಪ್ರಮಾಣ, ಮನೆಯ ಕಷಾಯ ಲೇಹ್ಯಗಳು, ಹಿಂದೆ ಆದ ಶಸ್ತ್ರಚಿಕಿತ್ಸೆ, ಮೈಗೆ ಒಗ್ಗದ ಮದ್ದು, ಕೇಳಬೇಕಾದ ಪ್ರಶ್ನೆಗಳು, ಇವೆಲ್ಲವೂ ಅದರಲ್ಲಿರಲಿ. ಡಾಕ್ಟರು ಹೇಳಿದುದನ್ನು ಅವರೆದುರಿಗೇ ಒಮ್ಮೆ ತಿರುಗಿ ಹೇಳಿದರೆ ತಪ್ಪು ತಿಳಿವಳಿಕೆಗೆ ಎಡೆಯಿರುವುದಿಲ್ಲ. ಮನೆಗೆ ಹೊರಡುವ ಮುನ್ನ, ಯಾವ ಮದ್ದು ಊಟಕ್ಕೆ ಮೊದಲು, ಯಾವುದು ಆಮೇಲೆ, ಎಷ್ಟು ದಿನ, ಯಾವ ಲಕ್ಷಣ ಕಂಡರೆ ಕೂಡಲೇ ಹಿಂದಿರುಗಬೇಕು ಎಂಬುದನ್ನು ಕೇಳಿ ಬರೆದುಕೊಳ್ಳಬೇಕು.

ಮನೆಯಲ್ಲಿ ದ್ರವೌಷಧವನ್ನು ಅದರೊಡನೆ ಬಂದ ಅಳತೆಯಿಂದಲೇ ಕೊಡತಕ್ಕದ್ದು. ಅಡಿಗೆಮನೆಯ ಚಮಚಗಳು ಒಂದರಂತೆ ಒಂದಿರುವುದಿಲ್ಲ. ಸಕ್ಕರೆ ಇಳಿದವರಿಗೆ ಎಚ್ಚರವಿದ್ದರೆ ಸಕ್ಕರೆ ಕಲಸಿದ ನೀರನ್ನು ಕುಡಿಸಬಹುದು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಲಾಗದು, ಒಡನೆಯೇ ಆಸ್ಪತ್ರೆಗೆ ಒಯ್ಯಬೇಕು. ತಾನಾಗಿ ಹೊರಳಲಾರದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸದಿದ್ದರೆ ಬೆನ್ನು ಹುಣ್ಣಾದೀತು.

ಪರಿಚಾರಕನಿಗೆ ಚರಕನು ವಿಧಿಸಿದ ಗುಣಗಳು ಉಪಚಾರಜ್ಞಾನ, ದಕ್ಷತೆ, ಅನುರಾಗ, ಶೌಚ. ಸಾಬೂನಿನಿಂದ ಕೈ ತೊಳೆಯದೆ ರೋಗಿಯನ್ನು ಮುಟ್ಟುವ ಅನುರಾಗವು ಅನುರಾಗವಲ್ಲ. ರೋಗಿಯ ಬಾಗಿಲ ಬಳಿ ನಿಂತು ಪಿಸುಮಾತನಾಡುವುದು ಕ್ರೌರ್ಯವೆಂದು ಫ್ಲಾರೆನ್ಸ್ ನೈಟಿಂಗೇಲ್ ಶುಶ್ರೂಷೆಯನ್ನು ಕುರಿತು 1859ರಲ್ಲಿ ಬರೆದ ಪುಸ್ತಕದಲ್ಲಿಯೇ ಎಚ್ಚರಿಸಿದ್ದಾಳೆ. ಕೇಳಿಸದ ಮಾತು ಕೇಳಿಸಿದ ಮಾತಿಗಿಂತ ಹೆಚ್ಚು ನೋಯಿಸುತ್ತದೆ.

ರೋಗಿಯು ಮುಚ್ಚಿಡುವುದು ಬಹುಮಟ್ಟಿಗೆ ಅಂಜಿಕೆಯಿಂದ. ಅಂಜಿಕೆ ಹೋಗುವುದು ಮನೆಯವರ ಸಹನೆಯಿಂದ. ಮುಂದಿನ ಏಕಾದಶಿಗೆ ಮೂರು ದಿನ ಮೊದಲೇ ಆ ವೃದ್ಧರು ಸೊಸೆಯನ್ನು ಕರೆದು, "ಡಾಕ್ಟರಿಗೆ ತೋರಿಸುವ ಚೀಟಿಯಲ್ಲಿ ಉಪವಾಸವನ್ನೂ ಬರೆಯಮ್ಮ" ಎಂದರಂತೆ.