ಉಪ್ಪಿನಂಗಡಿಯಲ್ಲಿ ದಣಿದ ಪಾದಗಳು

ಉಪ್ಪಿನಂಗಡಿ ಎಂಬ ಹೆಸರಿನ ಅರ್ಥಕ್ಕಾಗಿ ನಿಘಂಟನ್ನು ತೆರೆಯಬೇಕಾಗಿಲ್ಲ. ಕಡಲತೀರದಿಂದ ನೇತ್ರಾವತಿಯ ಹರಿವಿಗೆ ಎದುರಾಗಿ ದೋಣಿಗಳಲ್ಲಿ ಬಂದ ಉಪ್ಪು ಇಲ್ಲಿ ದಡಕ್ಕಿಳಿದು, ಎತ್ತುಗಳ ಬೆನ್ನೇರಿ ಘಟ್ಟದ ಮೇಲಿನ ಸೀಮೆಗೆ ಸಾಗುತ್ತಿತ್ತೆಂದು ಊರಿನ ಹಿರಿಯರು ಹೇಳುತ್ತಾರೆ. ತುಳು ಮಾತನಾಡುವವರು ಈ ಊರನ್ನು ಉಬಾರ್ ಎನ್ನುತ್ತಾರೆ. ಇಲ್ಲಿನ ಕಂಬಳಕ್ಕೂ ಅದೇ ಹೆಸರು. ಬ್ರಿಟಿಷರ ಕಾಲದಲ್ಲಿ ಇದು ಒಂದು ದೊಡ್ಡ ತಾಲ್ಲೂಕಿಗೆ ಹೆಸರು ಕೊಟ್ಟ ಊರು. ವಿಚಿತ್ರವೆಂದರೆ ಆ ತಾಲ್ಲೂಕಿನ ಕಚೇರಿಗಳೆಲ್ಲ ಇದ್ದುದು ಪುತ್ತೂರಿನಲ್ಲಿ.

ಕುದುರೆಮುಖದ ಶ್ರೇಣಿಯಿಂದ ಇಳಿದ ನೇತ್ರಾವತಿಯೂ, ಸುಬ್ರಹ್ಮಣ್ಯದ ಕಡೆಯಿಂದ ಬಂದ ಕುಮಾರಧಾರೆಯೂ ಇಲ್ಲಿ ಕೂಡಿ ಒಂದಾಗಿ ಮಂಗಳೂರಿನ ಕಡಲಿಗೆ ಹರಿಯುತ್ತವೆ. ಸಂಗಮದ ದಡದಲ್ಲಿ ಸಹಸ್ರಲಿಂಗೇಶ್ವರನ ದೇವಾಲಯವಿದೆ. ನದಿಯ ಒಡಲಿನಲ್ಲಿಯೇ ಇರುವ ಉದ್ಭವಲಿಂಗವು ಮಳೆಗಾಲದುದ್ದಕ್ಕೂ ನೀರಿನ ಅಡಿಯಲ್ಲಿದ್ದು, ನೀರು ಇಳಿದ ಮೇಲೆ ಮಾತ್ರ ದರ್ಶನಕ್ಕೆ ದೊರಕುತ್ತದೆ. ಶಿವರಾತ್ರಿಯ ಆಸುಪಾಸಿನ ಮಖೆ ಜಾತ್ರೆಗೆ ಸುತ್ತಲಿನ ಊರುಗಳ ಜನ ಸೇರುತ್ತಾರೆ. ಪಿತೃಕಾರ್ಯಕ್ಕೆ ಬರುವವರು ಈ ಸ್ಥಳವನ್ನು ಗಯಾಪದ ಕ್ಷೇತ್ರವೆಂದು ಕರೆಯುತ್ತಾರೆ. ಹೆಸರಿನಲ್ಲಿಯೇ ಉಪ್ಪೂ ಪದವೂ, ಎಂದರೆ ಪಾದವೂ, ಕೂಡಿರುವ ಈ ಊರಿಗೆ ನಾವು ಬಂದುದು ನೋಯುವ ಪಾದಗಳೊಡನೆ ಎಂಬುದು ಕಾಕತಾಳೀಯ.

ನಮ್ಮ ಸೀಮೆಯ ಹನ್ನೊಂದು ಮಂದಿ ಶಿವರಾತ್ರಿಗೆ ಧರ್ಮಸ್ಥಳಕ್ಕೆ ಕಾಲ್ನಡಿಗೆಯಲ್ಲಿ ಹೊರಟಿದ್ದೆವು. ಕೊಟ್ಟಿಗೆಹಾರದವರೆಗೆ ಯಾರಿಗೂ ದೊಡ್ಡ ತೊಂದರೆಯಿರಲಿಲ್ಲ. ಅಲ್ಲಿಂದ ಚಾರ್ಮಾಡಿ ಘಟ್ಟವನ್ನು ಇಳಿಯತೊಡಗಿದಾಗ, ಏರಿಗಿಂತ ಇಳಿಜಾರು ಸುಲಭವೆಂದು ಎಲ್ಲರೂ ಹಿಗ್ಗಿದರು. ಕ್ಷೇತ್ರದ ದರ್ಶನವಾಗಿ, ಮರುದಿನ ಉಪ್ಪಿನಂಗಡಿಯ ಸಮೀಪದ ಪರಿಚಿತರೊಬ್ಬರ ತೋಟದ ಮನೆಗೆ ಬಸ್ಸಿನಲ್ಲಿ ಬಂದಿಳಿಯುವ ಹೊತ್ತಿಗೆ, ಮೂರು ಮೆಟ್ಟಿಲುಗಳ ಜಗಲಿಯನ್ನು ಹತ್ತುವುದಕ್ಕೂ ಗೋಡೆ ಹಿಡಿಯಬೇಕಾದ ಸ್ಥಿತಿ ನಮ್ಮದಾಗಿತ್ತು.

ಈ ನೋವಿನ ಕಾರಣವನ್ನು ತಿಳಿದಿರುವುದು ಒಳ್ಳೆಯದು. ದಿಣ್ಣೆ ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತ ದುಡಿಯುತ್ತದೆ. ಇಳಿಯುವಾಗಲಾದರೋ, ದೇಹ ಮುಂದಕ್ಕೆ ಮುಗ್ಗರಿಸದಂತೆ ತಡೆಯುವ ಸಲುವಾಗಿ, ಅದೇ ಸ್ನಾಯು ಹಿಗ್ಗುತ್ತಲೇ ಬಿಗಿಹಿಡಿಯಬೇಕು. ಅಭ್ಯಾಸವಿಲ್ಲದವರಲ್ಲಿ ಈ ಎಳೆತದಿಂದ ಸ್ನಾಯುವಿನ ಸೂಕ್ಷ್ಮ ಎಳೆಗಳಿಗೆ ಗಾಸಿಯಾಗಿ, ಅದರ ಉರಿಯೂತವು ಒಂದೆರಡು ದಿನಗಳ ಮೇಲೆ ಹೆಚ್ಚಾಗಿ ಕಾಣಿಸುತ್ತದೆ. ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ನಿಂತುಬಿಡುತ್ತದೆಂಬ ಮಾತು ಈಗಲೂ ಪ್ರಚಾರದಲ್ಲಿದೆ. ಆದರೆ ಆ ಆಮ್ಲವು ನಡಿಗೆ ನಿಂತ ಒಂದೆರಡು ಗಂಟೆಗಳಲ್ಲಿಯೇ ಕರಗಿಹೋಗುವಂಥದು. ಮೂರನೆಯ ದಿನದ ನೋವಿಗೆ ಅದು ಹೊಣೆಯಲ್ಲ. ಏನೂ ಮಾಡದೆ ಇದ್ದರೂ ಐದಾರು ದಿನಗಳಲ್ಲಿ ಈ ನೋವು ತಾನಾಗಿಯೇ ಇಳಿಯುತ್ತದೆ. ಈ ಒಂದು ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಏಕೆಂದರೆ ಐದಾರು ದಿನಗಳಲ್ಲಿ ತಾನಾಗಿ ಇಳಿಯುವ ನೋವಿಗೆ ಯಾವ ಮದ್ದು ಹಚ್ಚಿದರೂ ಆ ಮದ್ದಿಗೆ ಕೀರ್ತಿ ಬಂದೇ ಬರುತ್ತದೆ.

ಆ ಮನೆಯ ಬಚ್ಚಲಿನಲ್ಲಿ ತಾಮ್ರದ ಹಂಡೆಯ ಅಡಿಯಲ್ಲಿ ಬೆಂಕಿ ಆರಿದ್ದೇ ಇಲ್ಲವೆನ್ನಬೇಕು. ಲಕ್ಕಿಸೊಪ್ಪನ್ನು ಹಾಕಿ ಕುದಿಸಿದ ನೀರಿಗೆ ಎರಡು ಹಿಡಿ ಕಲ್ಲುಪ್ಪು ಬೆರೆಸಿ, ಅಗಲವಾದ ಪಾತ್ರೆಗಳಲ್ಲಿ ಜಗಲಿಗೆ ತಂದಿಟ್ಟರು. ಬಂದವರಿಗೆ ಕಾಲಿಗೆ ನೀರು ಕೊಡುವುದು ನಮ್ಮ ಮನೆಗಳ ಪದ್ಧತಿಯೂ ಹೌದು. ಆದರೆ ಅಂಥ ನೀರು ಕಾಲಿಗೆ ಸಿಕ್ಕಿದ್ದು ಅದೇ ಮೊದಲು. ಆಗ ನಮ್ಮ ತಂಡದ ತರುಣನೊಬ್ಬ ತನ್ನ ಚೀಲದಿಂದ ಎರಡು ವಸ್ತುಗಳನ್ನು ಹೊರತೆಗೆದನು. ಒಂದು, ಎಪ್ಸಮ್ ಉಪ್ಪಿನ ಪೊಟ್ಟಣ. ಇನ್ನೊಂದು, ಮೆಗ್ನೀಷಿಯಂ ಎಣ್ಣೆಯೆಂದು ಬರೆದಿದ್ದ ಸಣ್ಣ ಶೀಶೆ. ಒತ್ತಿದರೆ ತುಂತುರಾಗಿ ಚಿಮ್ಮುವಂಥದು, ಬೆಲೆಯಲ್ಲಿ ಪೊಟ್ಟಣಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಕಲ್ಲುಪ್ಪಿನಿಂದ ಏನೂ ಆಗದು, ಸ್ನಾಯುವಿಗೆ ಬೇಕಾದುದು ಮೆಗ್ನೀಷಿಯಂ, ಅದು ಚರ್ಮದ ಮೂಲಕ ಒಳಗಿಳಿಯುತ್ತದೆ ಎಂಬುದು ಅವನ ವಾದ. ಉಪ್ಪಿನ ಊರಿನಲ್ಲಿ ಉಪ್ಪಿನ ಚರ್ಚೆ ಆರಂಭವಾಯಿತು.

ಈ ಮೂರೂ ವಸ್ತುಗಳು ಒಂದೇ ಕುಲದವು. ಒಂದು ಲೀಟರ್ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿವೆ. ಅದರಲ್ಲಿ ಮೆಗ್ನೀಷಿಯಂ 1.3 ಗ್ರಾಂನಷ್ಟು. ಗೋಕರ್ಣದ ಬಳಿಯ ಸಾಣಿಕಟ್ಟೆಯಂಥ ಉಪ್ಪಿನ ಗದ್ದೆಗಳಲ್ಲಿ ಕಡಲನೀರು ಬಿಸಿಲಿಗೆ ಬತ್ತುವಾಗ ಅಡುಗೆಯ ಉಪ್ಪು ಮೊದಲು ಹರಳುಗಟ್ಟುತ್ತದೆ. ಕೊನೆಗೆ ಉಳಿಯುವ ಕಹಿನೀರಿನಲ್ಲಿ ಮೆಗ್ನೀಷಿಯಂ ಕ್ಲೋರೈಡು ತುಂಬಿರುತ್ತದೆ. ಹಿಂದಿನ ಕಾಲದ ಕಲ್ಲುಪ್ಪು ಮಳೆಗಾಲದಲ್ಲಿ ಮರಿಗೆಯೊಳಗೆ ಬೆವರಿ ನೀರಾಗುತ್ತಿದ್ದುದನ್ನು ನಮ್ಮ ತಾಯಂದಿರು ಬಲ್ಲರು. ಗಾಳಿಯ ತೇವವನ್ನು ಅಷ್ಟು ಆತುರದಿಂದ ಎಳೆದುಕೊಳ್ಳುತ್ತಿದ್ದುದರಲ್ಲಿ ಹೆಚ್ಚಿನ ಪಾಲು ಹರಳಿಗೆ ಅಂಟಿಕೊಂಡಿದ್ದ ಈ ಮೆಗ್ನೀಷಿಯಂ ಲವಣದ್ದೇ. ಶೀಶೆಯಲ್ಲಿದ್ದುದು ಅದೇ ಲವಣದ ದಟ್ಟ ನೀರು. ಬೆರಳಿಗೆ ಜಿಡ್ಡಿನಂತೆ ತೋರುವುದರಿಂದ ಎಣ್ಣೆಯೆಂಬ ಹೆಸರು ಬಂದಿದೆಯೇ ಹೊರತು ಅದರಲ್ಲಿ ಎಣ್ಣೆಯ ಹನಿಯೂ ಇಲ್ಲ.

ಎಪ್ಸಮ್ ಉಪ್ಪಾದರೋ ಮೆಗ್ನೀಷಿಯಂ ಸಲ್ಫೇಟು. ಎಪ್ಸಮ್ ಎಂಬುದು ಇಂಗ್ಲೆಂಡಿನ ಒಂದು ಊರು. ಹದಿನೇಳನೆಯ ಶತಮಾನದಲ್ಲಿ ಅಲ್ಲಿನ ಒಂದು ಒರತೆಯ ಕಹಿನೀರಿಗೆ ಜನ ಮುತ್ತಿದರು. 1695ರಲ್ಲಿ ನೆಹೆಮಿಯಾ ಗ್ರೂ ಎಂಬ ವೈದ್ಯನು ಆ ನೀರಿನ ಉಪ್ಪನ್ನು ಕುರಿತು ಗ್ರಂಥ ಬರೆದನು. ಬಹುಕಾಲ ಅದು ಭೇದಿಯ ಔಷಧವಾಗಿತ್ತು. ಇಂದಿಗೂ ಅದರ ನಿಜವಾದ ಹಿರಿಮೆಯಿರುವುದು ಹೆರಿಗೆಯ ವಾರ್ಡಿನಲ್ಲಿ. ರಕ್ತದೊತ್ತಡ ಏರಿದ ಗರ್ಭಿಣಿಯರಿಗೆ ಇದನ್ನು ಇಂಜೆಕ್ಷನ್ನಿನ ಮೂಲಕ ಕೊಟ್ಟರೆ ಸೆಳವು ಬರುವ ಅಪಾಯ ಅರ್ಧಕ್ಕಿಂತ ಕಡಿಮೆಯಾಗುವುದೆಂದು, ಅನೇಕ ದೇಶಗಳ ಸುಮಾರು 10,000 ತಾಯಂದಿರನ್ನು ಒಳಗೊಂಡು 2002ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ಆದರೆ ಅದು ನೇರವಾಗಿ ರಕ್ತಕ್ಕೋ ಸ್ನಾಯುವಿಗೋ ಚುಚ್ಚಿ ಕೊಡುವ ಮದ್ದು. ಪಾತ್ರೆಯ ನೀರಿನಲ್ಲಿ ಕರಗಿಸಿದ ಉಪ್ಪು ಅಂಗಾಲಿನ ಮೂಲಕ ಒಳಹೋಗುವುದೇ ಎಂಬುದು ಬೇರೆಯೇ ಪ್ರಶ್ನೆ.

ಚರ್ಮದ ಹೊರಪದರವು ನಿರ್ಜೀವ ಕೋಶಗಳ ಒತ್ತಾದ ಗೋಡೆ. ಆ ಕೋಶಗಳ ನಡುವೆ ಕೊಬ್ಬಿನ ಗಾರೆ ಇದೆ. ನೀರಿನಲ್ಲಿ ಕರಗಿದ ಲವಣವನ್ನು ಹೊರಗೆ ತಡೆಯುವುದೇ ಅದರ ಕೆಲಸ. ದಿನವಿಡೀ ಕಡಲಿನಲ್ಲಿ ನಿಂತು ಬಲೆ ಬೀಸುವ ಮೊಗವೀರರ ರಕ್ತವು ಕಡಲಿನಂತೆ ಉಪ್ಪಾಗುವುದಿಲ್ಲವಷ್ಟೆ. ಬರ್ಮಿಂಗ್‌ಹ್ಯಾಮಿನಲ್ಲಿ 19 ಜನರನ್ನು ಎಪ್ಸಮ್ ಉಪ್ಪಿನ ನೀರಿನಲ್ಲಿ ಕೂರಿಸಿ, ರಕ್ತದಲ್ಲಿ ಮೆಗ್ನೀಷಿಯಂ ಏರಿತೆಂದು ತೋರಿಸಿದ ಒಂದು ಪ್ರಯೋಗವನ್ನು ಮಾರಾಟಗಾರರು ಪದೇ ಪದೇ ಉದಾಹರಿಸುವುದುಂಟು. ಅದು ತಜ್ಞರು ಪರಿಶೀಲಿಸಿದ ಯಾವ ಪತ್ರಿಕೆಯಲ್ಲಿಯೂ ಪ್ರಕಟವಾದುದಲ್ಲ. 2017ರಲ್ಲಿ ನ್ಯೂಟ್ರಿಯೆಂಟ್ಸ್ ಎಂಬ ಪತ್ರಿಕೆಯಲ್ಲಿ ಈ ವಿಷಯದ ಅಧ್ಯಯನಗಳನ್ನು ತೂಗಿನೋಡಿದ ವಿದ್ವಾಂಸರು, ಚರ್ಮದ ಮೂಲಕ ಮೆಗ್ನೀಷಿಯಂ ಕೊಡುವ ಪ್ರಚಾರಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂಬ ನಿರ್ಣಯಕ್ಕೆ ಬಂದರು. ದೇಹಕ್ಕೆ ಮೆಗ್ನೀಷಿಯಂ ಬೇಕೇ ಬೇಕು. ವಯಸ್ಕರ ದೇಹದಲ್ಲಿ ಸುಮಾರು 25 ಗ್ರಾಂನಷ್ಟಿದ್ದು, ಅರ್ಧಕ್ಕೂ ಹೆಚ್ಚು ಭಾಗ ಮೂಳೆಗಳಲ್ಲಿರುತ್ತದೆ. ಆದರೆ ಅದರ ಹಾದಿ ಬಾಯಿಯೇ. 100 ಗ್ರಾಂ ರಾಗಿಯಲ್ಲಿ ಸುಮಾರು 140 ಮಿಲಿಗ್ರಾಂ ಇದೆ. ಸೊಪ್ಪು, ಕಾಳು, ಎಳ್ಳು, ಕಡಲೆಕಾಯಿಗಳಲ್ಲಿಯೂ ಧಾರಾಳ. ಮುದ್ದೆ ಉಂಡು ನಡೆದು ಬಂದ ನಮ್ಮವರು ಶೀಶೆಯನ್ನು ಕೊಳ್ಳುವ ಅಗತ್ಯವೇನಿತ್ತೋ!

ಹಾಗಾದರೆ ಪಾತ್ರೆಯಲ್ಲಿ ಕಾಲಿಟ್ಟೊಡನೆ ಬಂದ ಹಾಯಿ ಸುಳ್ಳೇ? ಖಂಡಿತ ಅಲ್ಲ. ಬೆಚ್ಚನೆಯ ನೀರು ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ, ನೋವಿನ ಅರಿವನ್ನು ತಗ್ಗಿಸುತ್ತದೆ. ಹತ್ತು ಹದಿನೈದು ನಿಮಿಷ ಎಲ್ಲಿಗೂ ಹೋಗದೆ ಕುಳಿತಿರುವುದೇ ಒಂದು ಚಿಕಿತ್ಸೆ. ಯುಗಾದಿಗೆ ಬಾಗಲಕೋಟೆ, ವಿಜಯಪುರಗಳ ಕಡೆಯಿಂದ ಶ್ರೀಶೈಲಕ್ಕೆ ನಡೆಯುವ ಭಕ್ತರಿಗೆ ದಾರಿಯುದ್ದಕ್ಕೂ ದಾಸೋಹದ ನೆರಳಿನಲ್ಲಿ ಗುರುತು ಪರಿಚಯವಿಲ್ಲದ ಜನ ಬಿಸಿನೀರು ಕೊಟ್ಟು ಕಾಲು ಒತ್ತುವುದನ್ನು ಕಂಡವರು ಬಲ್ಲರು. ಅಲ್ಲಿ ಕೆಲಸ ಮಾಡುವುದು ಕಾವು ಮತ್ತು ಕೈ. ಕಲ್ಲುಪ್ಪಾದರೂ ಸರಿ, ಎಪ್ಸಮ್ ಉಪ್ಪಾದರೂ ಸರಿ, ಇಷ್ಟವಿದ್ದರೆ ಒಂದು ಹಿಡಿ ಹಾಕಿಕೊಳ್ಳಲು ಅಡ್ಡಿಯಿಲ್ಲ. ಎಪ್ಸಮ್ ಉಪ್ಪನ್ನು ಕುಡಿಯುವ ಸಾಹಸ ಮಾತ್ರ ಬೇಡ. ಮೂತ್ರಪಿಂಡ ದುರ್ಬಲವಾದವರಿಗೆ ಅದು ಪ್ರಾಣಾಪಾಯ ತರಬಲ್ಲದು.

ಚರ್ಚೆ ಹೀಗೆ ನಡೆದಿರುವಾಗಲೇ ನಿಜವಾದ ಅಪಾಯ ನಮ್ಮ ಪಕ್ಕದಲ್ಲಿಯೇ ಕುಳಿತಿತ್ತು. ನಮ್ಮ ತಂಡದ ಹಿರಿಯರಿಗೆ 70ರ ಸಮೀಪದ ವಯಸ್ಸು. 15 ವರ್ಷಗಳ ಸಕ್ಕರೆ ಕಾಯಿಲೆ. ಹರಕೆ ಹೊತ್ತು ಬರಿಗಾಲಿನಲ್ಲಿ ನಡೆದಿದ್ದರು. ಎಲ್ಲರೂ ನರಳುತ್ತಿದ್ದಾಗ ಅವರೊಬ್ಬರು ನೋವೇ ಇಲ್ಲವೆಂದು ನಗುತ್ತಿದ್ದರು. ಅದನ್ನು ದೇವರ ದಯೆಯೆಂದೇ ನಾವೆಲ್ಲ ಬಗೆದಿದ್ದೆವು. ಪಾತ್ರೆಯಲ್ಲಿ ಕಾಲಿಟ್ಟವರು, "ಇದೇನು ಉಗುರುಬೆಚ್ಚಗೂ ಇಲ್ಲವಲ್ಲವ್ವ, ಇನ್ನೊಂದು ಚೊಂಬು ಬಿಸಿನೀರು ಹುಯ್ಯವ್ವ" ಎಂದರು. ಆ ಮನೆಯ ಮಗಳು ದಾದಿಯ ಕೆಲಸ ಮಾಡುವವಳು. ಚೊಂಬನ್ನು ಕೆಳಗಿಟ್ಟು, ಬಗ್ಗಿ ತನ್ನ ಮೊಣಕೈಯನ್ನು ನೀರಿಗೆ ತಾಗಿಸಿ, ಥಟ್ಟನೆ ಹಿಂದೆಗೆದಳು. "ಅಜ್ಜ, ಮೊದಲು ಕಾಲು ತೆಗೀರಿ. ನೀರು ಸುಡ್ತಾ ಉಂಟು. ನಿಮಗೆ ಗೊತ್ತಾಗ್ತಾ ಇಲ್ಲ ಅಷ್ಟೆ" ಎಂದಳು.

ಕಾಲನ್ನು ಒರೆಸಿ, ಅಂಗಾಲನ್ನು ದೀಪದ ಬೆಳಕಿಗೆ ತಿರುಗಿಸಿ ನೋಡಿದಾಗ ಹೆಬ್ಬೆರಳಿನ ಬುಡದಲ್ಲಿ ಒಡೆದ ಬೊಕ್ಕೆಯೊಂದು ಬಿಳಿಚಿ ನಿಂತಿತ್ತು. ಅದರೊಳಗೆ ಸಣ್ಣ ಕಲ್ಲಿನ ಚೂರು. ಎಷ್ಟು ಮೈಲಿ ಅದನ್ನು ತುಳಿದುಕೊಂಡು ಬಂದಿದ್ದರೋ ಅವರಿಗೇ ಅರಿವಿರಲಿಲ್ಲ. ಸಕ್ಕರೆ ಕಾಯಿಲೆ ಬಹುಕಾಲ ಇದ್ದವರಲ್ಲಿ ಪಾದದ ನರಗಳು ಮಂದವಾಗುತ್ತವೆ. ಬಿಸಿಯೂ ತಿಳಿಯದು, ಮುಳ್ಳೂ ತಿಳಿಯದು. ರಕ್ತಸಂಚಾರವೂ ಕುಗ್ಗಿರುವುದರಿಂದ ಸಣ್ಣ ಗಾಯ ಬಲಿತು ಬೆರಳನ್ನೋ ಕಾಲನ್ನೋ ತೆಗೆಯುವ ಹಂತಕ್ಕೆ ಹೋಗುವುದುಂಟು. ಇಂಥವರು ಕಾಲನ್ನು ನೀರಿನಲ್ಲಿ ನೆನೆಹಾಕಲೇಬಾರದು. ಉಪ್ಪುನೀರು ಚರ್ಮವನ್ನು ಒಣಗಿಸಿ ಬಿರುಕು ತರುತ್ತದೆ. ಬರಿಗಾಲಿನ ನಡಿಗೆಯೂ ಸಲ್ಲದು. ದಿನವೂ ಮನೆಯವರು ಯಾರಾದರೂ ಅಂಗಾಲನ್ನೂ ಬೆರಳ ಸಂದುಗಳನ್ನೂ ನೋಡಬೇಕು. ಮರುದಿನ ಬೆಳಿಗ್ಗೆ ಹಿರಿಯರನ್ನು ಪುತ್ತೂರಿನ ವೈದ್ಯರಲ್ಲಿಗೆ ಕರೆದೊಯ್ದೆವು. ಗಾಯ ಮಾಯಲು ಮೂರು ವಾರ ಹಿಡಿಯಿತು, ಕಾಲು ಉಳಿಯಿತು. ಹರಕೆಯಿದ್ದರೆ ಚಪ್ಪಲಿ ಹೇಗೆ ಮೆಟ್ಟುವುದೆಂದು ಕೇಳುವ ಹಿರಿಯರು ಇನ್ನೂ ಅನೇಕ ಮನೆಗಳಲ್ಲಿದ್ದಾರೆ. ಅವರೊಡನೆ ಮಾತನಾಡಬೇಕಾದವರು ಮಕ್ಕಳು ಮತ್ತು ಸೊಸೆಯಂದಿರು. ಹೊರಡುವ ಹಿಂದಿನ ದಿನವಲ್ಲ, ಹರಕೆ ಹೊರುವ ಮೊದಲೇ.

ಹಿರಿಯರು ಮನೆಯಲ್ಲಿ ಕಾಲು ಚಾಚಿ ಮಲಗಿದ್ದ ಮೂರನೆಯ ದಿನ ಉಳಿದವರು ಸಂಗಮಕ್ಕೆ ಹೋದೆವು. ಕೆಳಗಡೆ ಬಿಳಿಯೂರಿನ ಅಣೆಕಟ್ಟಿನ ಬಾಗಿಲು ಹಾಕಿದ ದಿನಗಳಲ್ಲಿ ಹಿನ್ನೀರು ಇಲ್ಲಿಯವರೆಗೂ ನಿಲ್ಲುತ್ತದೆ. ದಡದ ಮೆಟ್ಟಿಲಿನಲ್ಲಿ ಕುಳಿತು ತಣ್ಣೀರಿನಲ್ಲಿ ಕಾಲು ಇಳಿಬಿಟ್ಟೆವು. ತಣ್ಣೀರಿಗೂ ನೋವನ್ನು ಮಂದಗೊಳಿಸುವ ಗುಣವಿದೆ. ಊತವಿದ್ದಲ್ಲಿ ಬಿಸಿಗಿಂತ ಅದೇ ಮೇಲು. ಮಧ್ಯಾಹ್ನದ ಮೇಲೆ ಪುತ್ತೂರು ದಾಟಿ ಇರ್ದೆಯ ಬೆಂದ್ರ್‌ತೀರ್ಥಕ್ಕೆ ಹೋದೆವು. ಬೆಂದ್ರ್ ಎಂದರೆ ತುಳುವಿನಲ್ಲಿ ಬಿಸಿನೀರು. ಸೀರೆಹೊಳೆಯ ಬದಿಯಲ್ಲಿ, ಅಡಿಕೆ ತೋಟಗಳ ನಡುವೆ, ನೆಲದೊಳಗಿನಿಂದ ಬೆಚ್ಚನೆಯ ನೀರು ಒಸರುವ ಸಣ್ಣ ಕೊಳ. ಗಂಧಕದ ವಾಸನೆ ಇದೆ. ಚರ್ಮರೋಗಕ್ಕೆ ಒಳ್ಳೆಯದೆಂಬ ನಂಬಿಕೆಯಿಂದ ಜನ ಇಲ್ಲಿ ಮೀಯುತ್ತಾರೆ. ಸುಡುವಷ್ಟು ಬಿಸಿಯಿಲ್ಲ, ಮೈಯ ಕಾವಿಗೆ ಸಮೀಪವೆನ್ನಬಹುದು; ಕಾಲಿಗೆ ಅಷ್ಟೇ ಸಾಕು. ನಮ್ಮ ತರುಣನು ಶೀಶೆಯನ್ನು ಚೀಲದಿಂದ ತೆಗೆಯಲಿಲ್ಲ.

ಉಪ್ಪಿನಂಗಡಿಯು ಬೆಂಗಳೂರು ಮಂಗಳೂರು ಹೆದ್ದಾರಿಯಲ್ಲಿ, ಮಂಗಳೂರಿನಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿದೆ. ರೈಲಿನಲ್ಲಿ ಬರುವವರು ಕಬಕ ಪುತ್ತೂರು ನಿಲ್ದಾಣದಲ್ಲಿ ಇಳಿಯಬೇಕು. ಅಲ್ಲಿಂದ ಬಸ್ಸಿನಲ್ಲಿ 12 ಕಿಲೋಮೀಟರ್. ಬೆಂದ್ರ್‌ತೀರ್ಥಕ್ಕೆ ಪುತ್ತೂರಿನಿಂದ ಪಾಣಾಜೆಯ ದಾರಿ ಹಿಡಿಯಬೇಕು. ಮಳೆಗಾಲದಲ್ಲಿ ಹೊಳೆ ತುಂಬಿರುವಾಗ ಅಲ್ಲಿಗೆ ಹೋಗುವುದು ಉಚಿತವಲ್ಲ. ಸಂಕ್ರಾಂತಿಯಿಂದ ಯುಗಾದಿಯವರೆಗಿನ ದಿನಗಳು ಅನುಕೂಲ.